ಸುರಂಗದ ಬಾಯಿ ಕಡಿತ: ಆರ್‌ಕ್ಯೂಡಿ 70 ಬಂದ ಪದರುಗಲ್ಲು ನಿಂತೀತೇ?

ಬೆಟಗೇರಿ ಸೈಟ್
ನಮಸ್ಕಾರ ಎಲ್ಲರಿಗೂ. ಗದಗ ಜಿಲ್ಲೆಯ ಒಂದು ಗುಡ್ಡಸಾಲನ್ನು ಪೂರ್ವ–ಪಶ್ಚಿಮವಾಗಿ ದಾಟುವ ನೀರಾವರಿ ಸುರಂಗದ ಲೆಕ್ಕ ಇದು. ಕಾಮಗಾರಿಯ ಹೆಸರು ಬೇಡ. ಡಿ ಆಕಾರ, ಅಗಲ 4.5 ಮೀ, ಉದ್ದ 600 ಮೀಟರಿನ ಒಳಗೆ. ಕಲ್ಲು ಕ್ಲೋರೈಟ್ ಶಿಸ್ಟ್ (ಹಸಿರು ಛಾಯೆಯ ಮೆತ್ತನೆ ಪದರುಗಲ್ಲು), ನಡುನಡುವೆ ಗ್ರೇವ್ಯಾಕ್ (ಗಟ್ಟಿ ಮರಳುಗಲ್ಲಿನ ಜಾತಿ) ಪಟ್ಟಿ. ಪದರು ಹರಡಿದ ದಿಕ್ಕು ಇಲ್ಲಿ ಹೆಚ್ಚುಕಡಿಮೆ ಉತ್ತರ–ದಕ್ಷಿಣ, ವಾಲು (ಅಡ್ಡಮಟ್ಟದಿಂದ ಕೆಳಕ್ಕೆ ಇಳಿದ ಕೋನ) ಪೂರ್ವಕ್ಕೆ 70 ಡಿಗ್ರಿ. ಪೂರ್ವದ ಬಾಯಿಯಲ್ಲಿ ಇನ್ನೊಂದು ಸೀಳುಗಳ ಗುಂಪಿದೆ. ಅದೂ ಪೂರ್ವಕ್ಕೇ ವಾಲಿದೆ, 40 ಡಿಗ್ರಿ. ಅದರ ಮೈಮೇಲೆ ಹಸಿರು ಹೊಳಪಿನ ಲೇಪ, ಉಗುರಿಗೆ ಕೆರೆದು ಬರುತ್ತದೆ.

ಮೂರು ಬೋರ್ ಹೊಡೆಸಿದ್ದಾರೆ, ಮೂರೂ ನೆಟ್ಟಗೆ ಕೆಳಕ್ಕೆ. ಆರ್‌ಕ್ಯೂಡಿ (ಬೋರಿನಿಂದ ಬಂದ ಕಲ್ಲಿನ ಕೋಲು, ಅಂದರೆ ಕೋರಿನಲ್ಲಿ, ಉದ್ದ ತುಂಡುಗಳ ಶೇಕಡಾ ಪಾಲು) 65ರಿಂದ 75. ಒತ್ತುಬಲ (ಒತ್ತಿದಾಗ ಕಲ್ಲು ಒಡೆಯುವ ಒತ್ತಡ) ಸರಾಸರಿ 40 ಎಂಪಿಎ (ಮೆಗಾಪ್ಯಾಸ್ಕಲ್). ವರದಿಯಲ್ಲಿ ಆರ್‌ಎಂಆರ್ (ಕಲ್ಲಿನ ಒಟ್ಟು ಗುಣಕ್ಕೆ 100ಕ್ಕೆ ಕೊಡುವ ಅಂಕ) 57, ಮೂರನೇ ದರ್ಜೆ. ಎರಡೂ ಬಾಯಿಗಳಲ್ಲಿ ಕಡಿತದ ಎತ್ತರ 12 ಮೀ, ಅಡ್ಡ 1ಕ್ಕೆ ಎತ್ತರ 2, ಅಂದರೆ ಸುಮಾರು 63 ಡಿಗ್ರಿ. ಎಲ್ಲ ಕಡೆಗೂ 4 ಮೀಟರಿನ ಬೋಲ್ಟ್ (ಕಲ್ಲಿಗೆ ತೂತು ಹೊಡೆದು ಕೂರಿಸುವ ಸರಳು) ಮತ್ತು ಕಲ್ಲಿನ ಮೇಲೆ ಒತ್ತಡದಿಂದ ಎರಚುವ 100 ಮಿ.ಮೀ ಕಾಂಕ್ರೀಟ್, ಅಂದರೆ ಶಾಟ್‌ಕ್ರೀಟ್. ಇಷ್ಟು ಸಾಕೇ? ಮಳೆಗಾಲಕ್ಕೆ ಮೊದಲು ಪೂರ್ವದ ಬಾಯಿ ಬಿಡಿಸುವ ಯೋಚನೆ ಇದೆ.

ಕೋರ್ ಪೆಟ್ಟಿಗೆ
ಮೊದಲು ಆ 70ನ್ನು ಪಕ್ಕಕ್ಕಿಡಿ. ಪದರು 70 ಡಿಗ್ರಿ ನಿಂತಿದೆ, ಬೋರ್ ನೆಟ್ಟಗೆ ಇಳಿದಿದೆ. ಎರಡರ ನಡುವಿನ ಕೋನ ಬರೀ 20 ಡಿಗ್ರಿ. ಪದರುಗಳ ನಿಜವಾದ ಅಂತರ 7 ಸೆಂ.ಮೀ ಅಂದುಕೊಳ್ಳಿ. ಆ ಬೋರಿನ ಕೋರಿನಲ್ಲಿ ಅದು 7 ಭಾಗಿಸು ಸೈನ್ 20, ಅಂದರೆ 20 ಸೆಂ.ಮೀ ತುಂಡಾಗಿ ಕಾಣುತ್ತದೆ. ಆರ್‌ಕ್ಯೂಡಿ ಎಣಿಸುವುದು 10 ಸೆಂ.ಮೀ ಮತ್ತು ಅದಕ್ಕಿಂತ ಉದ್ದದ ತುಂಡುಗಳನ್ನು. ಎಲ್ಲವೂ ಪಾಸ್.

ಅದೇ ಗುಡ್ಡಕ್ಕೆ 45 ಡಿಗ್ರಿಯಲ್ಲಿ ಪಶ್ಚಿಮಕ್ಕೆ ಓರೆ ಬೋರ್ ಹೊಡೆದರೆ ಪದರಿನೊಂದಿಗೆ ಕೋನ 65 ಡಿಗ್ರಿ. ತುಂಡು 7.7 ಸೆಂ.ಮೀ. ಎಲ್ಲವೂ ಫೇಲ್. ಕಲ್ಲು ಅದೇ, ಬೋರಿನ ದಿಕ್ಕು ಮಾತ್ರ ಬೇರೆ. ಧಾರವಾಡ ಶಿಲಾಸಮೂಹದ ಪದರುಗಳು ಈ ಭಾಗದಲ್ಲೆಲ್ಲ ಸಾಮಾನ್ಯವಾಗಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹರಡಿ ಕಡಿದಾಗಿ ನಿಂತಿರುತ್ತವೆ. ಇಲ್ಲಿ ಮೂರೂ ಬೋರ್ ನೆಟ್ಟಗೆ ಹೊಡೆಸುವುದು ರೊಟ್ಟಿಗಳನ್ನು ನಿಲ್ಲಿಸಿಟ್ಟು ಮೇಲಿಂದ ದಬ್ಬಣ ಚುಚ್ಚಿ ಎಷ್ಟು ರೊಟ್ಟಿ ಅಂತ ಎಣಿಸಿದ ಹಾಗೆ.

ಹಾರಿ-ಸುತ್ತಿಗಿ
ಅದಕ್ಕೊಂದು ಸೇರಿಸ್ತೀನ್ರಿ. ಕೋರ್ ಹೆಂಗ ತೆಗದಾರ ಅನ್ನೂದೂ ಕೇಳ್ರಿ. ಒಂಟಿ ಕೊಳವಿ ಬ್ಯಾರಲ್ ಹಾಕಿದ್ರ ಮೆತ್ತನ ಶಿಸ್ಟ್ ನೀರಾಗ ತೊಳದು ಹೋಗತೈತಿ, ಗಟ್ಟಿ ಗ್ರೇವ್ಯಾಕ್ ಅಷ್ಟ ಪೆಟ್ಟಿಗ್ಯಾಗ ಉಳೀತೈತಿ. ಕಡೀಕ ಎರಡು ಕೊಳವಿ, ಆದ್ರ ಮೂರು ಕೊಳವೀದು ಬೇಕು. ಒಂದು ರನ್ (ಒಂದ ಸಲ ಇಳಿಸಿ ಕೋರ್ ತೆಗಿಯೂದು) 1.5 ಮೀಟರಿಗಿಂತ ಜಾಸ್ತಿ ಬ್ಯಾಡ, ಒಡದ ಕಲ್ಲಿನ್ಯಾಗ 75 ಸೆಂ.ಮೀ.ಗೆ ತಗೀರಿ. 1.5 ಮೀಟರ್ ಇಳಿದು 1.2 ಮೀಟರ್ ಕೋರ್ ಬಂದ್ರ, ಬರದ 30 ಸೆಂ.ಮೀ ಎಲ್ಲಿ ಹೋತು? ಅದ ಮಣ್ಣು ತುಂಬಿದ ಸೀಳು. ಗುಡ್ಡ ಜಾರೂದು ಆ 30 ಸೆಂ.ಮೀ.ನಾಗ. ಬಾಕಿ 1.2 ಮೀಟರಿನಾಗ ಅಲ್ಲ.

ಮತ್ತ, ಬ್ಯಾರಲ್‌ನಿಂದ ಸುತ್ತಿಗಿ ಬಡದು ಕೋರ್ ಹೊರಗ ಹಾಕಿದಾಗ ಮುರದದ್ದು ಹೊಸ ಮುರುಕು. ಅದನ್ನ ಕೂಡಿಸಿ ಒಂದ ತುಂಡು ಅಂತ ಎಣಿಸಬೇಕು. ಹೊಸಾದು ಹಳೇದು ಗುರ್ತಾಗಬೇಕಂದ್ರ ಫೋಟೋ ಅದ ದಿನ ತಗೀಬೇಕು, ಒಣಾದು ಒಂದು, ನೀರು ಹೊಡದು ಒಂದು. ತಿಂಗಳು ಬಿಸಲಾಗ ಇಟ್ಟ ಕ್ಲೋರೈಟ್ ಶಿಸ್ಟ್ ತಾನ ಬಿಚ್ಚಿಕೋತೈತಿ.

ಬೆಟಗೇರಿ ಸೈಟ್
ಇನ್ನೊಂದು ಬೋರಿಗಷ್ಟೇ ಒಪ್ಪಿಗೆ ಸಿಗಬಹುದು. ಎಲ್ಲಿ ಹೊಡೆಸಲಿ?

ಕೋರ್ ಪೆಟ್ಟಿಗೆ
ಪೂರ್ವದ ಬಾಯಿ. ಕಡಿತದ ಮೇಲಂಚಿನ ಹಿಂದೆ ನಿಂತು ಪಶ್ಚಿಮಕ್ಕೆ ಓರೆಯಾಗಿ, 45ರಿಂದ 60 ಡಿಗ್ರಿ, ಸುರಂಗದ ತಳ ದಾಟಿ ಕನಿಷ್ಠ 3 ಮೀಟರ್. ಅದರಲ್ಲೇ ಪ್ಯಾಕರ್ (ಬೋರನ್ನು ನಡುವೆ ಮುಚ್ಚುವ ರಬ್ಬರ್ ಬಿರಡೆ) ಇಟ್ಟು ನೀರೊತ್ತಡ ಪರೀಕ್ಷೆಯನ್ನೂ ಮುಗಿಸಿ. ಅದಕ್ಕೆ ಭಾರತೀಯ ಮಾನಕ ಐಎಸ್ 5529ರ ಎರಡನೇ ಭಾಗ ಇದೆ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಬಾಯಿಯ ಹತ್ತಿರ ಹಳ್ಳದ ದಂಡೆಯಲ್ಲೋ ರಸ್ತೆ ಕಡಿತದಲ್ಲೋ ಕಲ್ಲು ಹೊರಗೆ ಕಂಡ ಕಡೆ ಪದರಿಗೆ ಅಡ್ಡಲಾಗಿ 10 ಮೀಟರ್ ಟೇಪ್ ಹಿಡಿಯಿರಿ. ಟೇಪ್ ದಾಟುವ ಪ್ರತಿ ಸೀಳಿನ ವಾಲು, ದಿಕ್ಕು, ಉದ್ದ, ಬಾಯ್ಬಿಟ್ಟ ಅಗಲ, ಒಳಗೆ ತುಂಬಿದ್ದೇನು, ಒದ್ದೆಯೋ ಒಣವೋ ಎಲ್ಲ ಬರೆಯಿರಿ. ಐಎಸ್ 11315 ಇದಕ್ಕೆಂದೇ ಇರುವುದು. ಆಮೇಲೆ ಅದೇ ಜಾಗದಲ್ಲಿ ಬೇರೆ ದಿಕ್ಕಿಗೂ ಒಂದು ಟೇಪ್. ಒಂದೇ ದಿಕ್ಕಿಗೆ ಹಿಡಿದರೆ ಅದಕ್ಕೆ ಸಮಾನಾಂತರ ಇರುವ ಸೀಳುಗಳು ಲೆಕ್ಕಕ್ಕೇ ಬರುವುದಿಲ್ಲ.

ಮೂರು ಗುಂಪುಗಳ ಅಂತರ 0.07, 0.25, 0.4 ಮೀ ಸಿಕ್ಕಿತು ಅನ್ನಿ. ಪ್ರತಿಯೊಂದರ ವಿಲೋಮ ಕೂಡಿಸಿದರೆ 14.3, 4, 2.5, ಒಟ್ಟು 20.8. ಆರ್‌ಕ್ಯೂಡಿ ಅಂದಾಜು 115ರಿಂದ 3.3 ಪಟ್ಟು 20.8 ಕಳೆದು 46. ನಿಮ್ಮ 70ರ ಪಕ್ಕದಲ್ಲಿಟ್ಟು ನೋಡಿ.

ಒತ್ತುಬಲ 40 ಅಂದಿರಿ. ಪರೀಕ್ಷೆಗೆ ಒತ್ತಿದ ಕೋರ್ ತುಂಡಿನ ಅಕ್ಷಕ್ಕೂ ಪದರಿಗೂ ಕೋನ ಎಷ್ಟಿತ್ತು ಅಂತ ವರದಿಯಲ್ಲಿದೆಯೇ? ಶಿಸ್ಟ್ ಅತಿ ಸುಲಭಕ್ಕೆ ಒಡೆಯುವುದು ಒತ್ತಡದ ದಿಕ್ಕಿಗೆ ಪದರು 30 ಡಿಗ್ರಿ ಆಸುಪಾಸು ಇದ್ದಾಗ. ನೆಟ್ಟ ಬೋರಿನ ಕೋರಿನಲ್ಲಿ ಅದು 20. ಅಡ್ಡ ಪದರಿನ ಗ್ರೇವ್ಯಾಕ್ ತುಂಡು ಬೇರೆಯೇ ಅಂಕಿ ಕೊಡುತ್ತದೆ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಆ 40 ಯಾವ ಕಲ್ಲಿನದೂ ಅಲ್ಲ. ಪಾಯಿಂಟ್ ಲೋಡ್ (ತುಂಡನ್ನು ಎರಡು ಮೊನೆಗಳ ನಡುವೆ ಒತ್ತಿ ಒಡೆಯುವ ಪರೀಕ್ಷೆ) ಅಂಕಿಯನ್ನು ಕಣ್ಣುಮುಚ್ಚಿ 22ರಿಂದ 24 ಪಟ್ಟು ಮಾಡಿ ಒತ್ತುಬಲ ಅನ್ನುವುದೂ ಪದರುಗಲ್ಲಿಗೆ ಹೊಂದುವುದಿಲ್ಲ.

ನವನಗರ ಡಿಸೈನ್
ವರದಿಯ 57 ಹೇಗೆ ಬಂದಿರಬಹುದು ಅಂತ ಬಿಡಿಸಿದೆ: ಒತ್ತುಬಲಕ್ಕೆ 4, ಆರ್‌ಕ್ಯೂಡಿಗೆ 13, ಅಂತರಕ್ಕೆ 10, ಸೀಳಿನ ಸ್ಥಿತಿಗೆ 20, ನೀರಿಗೆ 10. ಕೂಡಿದರೆ 57. ಈಗ ಮೇಲಿನ ತಿದ್ದುಪಡಿ ಹಾಕಿ. ಒತ್ತುಬಲ 4 ಇರಲಿ. ಆರ್‌ಕ್ಯೂಡಿ 46ಕ್ಕೆ 8. ಅಂತರ 60ರಿಂದ 200 ಮಿ.ಮೀ ಒಳಗೆ, 8. ಹೊಳಪಿನ ನುಣುಪು ಮೈಗೆ 10. ಒದ್ದೆಗೆ 7. ಒಟ್ಟು 37. ಮೂರನೇ ದರ್ಜೆ ಹೋಗಿ ನಾಲ್ಕನೆಯದು.

ಕ್ಯೂ (ಸುರಂಗದ ಕಲ್ಲಿಗೆ ಬಾರ್ಟನ್ ಅವರ ಗುಣಾಂಕ) ಲೆಕ್ಕ: ಆರ್‌ಕ್ಯೂಡಿ 46ನ್ನು ಸೀಳು ಗುಂಪಿನ ಅಂಕಿ 9ರಿಂದ ಭಾಗಿಸಿ, ಒರಟುತನದ 1ನ್ನು ಲೇಪದ 4ರಿಂದ, ನೀರಿನ 0.66ನ್ನು ನೆಲದೊತ್ತಡದ 2.5ರಿಂದ, ಮೂರನ್ನೂ ಗುಣಿಸಿದರೆ 0.34. ಆ 4 ಅನ್ನುವುದು ಕ್ಲೋರೈಟ್ ಲೇಪದ ಅಂಕಿ. ಅಲ್ಲಿ 1 ಬರೆದರೆ ಉತ್ತರ ಒಂದೇ ಏಟಿಗೆ ನಾಲ್ಕು ಪಟ್ಟು ಏರುತ್ತದೆ. ಬಾಯಿಯ ಹತ್ತಿರ ಸೀಳು ಗುಂಪಿನ ಅಂಕಿ 9ನ್ನು ದುಪ್ಪಟ್ಟು ಮಾಡಬೇಕೆಂಬ ನಿಯಮ ಬಾರ್ಟನ್ ಅವರ 1974ರ ಪದ್ಧತಿಯಲ್ಲೇ ಇದೆ. ಅಲ್ಲಿಗೆ 0.17.

ಸುರಂಗದ ಒಳಗೆ ನಿಮ್ಮ ಅದೃಷ್ಟ ಪರವಾಗಿಲ್ಲ. ಪದರನ್ನು ಅಡ್ಡಲಾಗಿ ದಾಟುತ್ತೀರಿ. ಪಶ್ಚಿಮದಿಂದ ಒಳಹೋದರೆ ವಾಲಿನ ಜತೆಗೆ ಸಾಗುತ್ತೀರಿ, ಅಂಕ ಕಳೆಯಬೇಕಿಲ್ಲ. ಪೂರ್ವದಿಂದ ಹೋದರೆ ವಾಲಿಗೆ ಎದುರು, 5 ಅಂಕ ಕಳೆಯಬೇಕು. ಗುಡ್ಡದುದ್ದಕ್ಕೂ ಪದರಿನ ಜತೆ ಸಮಾನಾಂತರ ಕೊರೆಯುವವರಿಗೆ 12 ಕಳೆಯುತ್ತದೆ.

ಆದರೆ ಸುರಂಗಕ್ಕೆ ಒಲಿದ ಇದೇ ದಿಕ್ಕು ಬಾಯಿಯ ಕಡಿತಕ್ಕೆ ಮುನಿದಿದೆ. ಅಲ್ಲಿ ಪದರು ಹರಡಿದ ದಿಕ್ಕು ಕಡಿತದ ಮುಖಕ್ಕೆ ಸಮಾನಾಂತರ. ಇಳಿಜಾರಿಗೆ ಆರ್‌ಎಂಆರ್ ಸಾಲದು, ಎಸ್‌ಎಂಆರ್ (ಸೀಳು, ಇಳಿಜಾರುಗಳ ದಿಕ್ಕನ್ನೂ ಸೇರಿಸಿದ ಅಂಕ) ಹಾಕಿ, ಐಎಸ್ 13365ರ ಮೂರನೇ ಭಾಗ. ಪೂರ್ವದ 40 ಡಿಗ್ರಿ ಸೀಳಿಗೆ: ಸಮಾನಾಂತರ 5 ಡಿಗ್ರಿ ಒಳಗಿದ್ದರೆ 1.0, ವಾಲಿಗೆ 0.85, ಮುಖ 63 ಇರುವುದರಿಂದ ಸೀಳಿನ ಕೆಳತುದಿ ಮುಖದಲ್ಲೇ ಹೊರಗೆ ಬಾಯಿ ತೆರೆದಿದೆ, ಅದಕ್ಕೆ ಋಣ 60. ಗುಣಿಸಿದರೆ ಋಣ 51. ನಮ್ಮ 37ರಿಂದ ಕಳೆದರೆ ಸೊನ್ನೆಗೂ ಕೆಳಗೆ. ವರದಿಯ 57ನ್ನೇ ನಂಬಿದರೂ 6. ಅಂದರೆ ಅವರದೇ ಅಂಕಿಯಲ್ಲೂ ಈ ಮುಖ ಅತಿ ಕೆಟ್ಟ ದರ್ಜೆ. ಆ ಹೆಜ್ಜೆಯನ್ನೇ ಹಾಕಿಲ್ಲ, ಅಷ್ಟೇ.

ರಾಣೆಬೆನ್ನೂರ ಗ್ರೇವ್ಯಾಕ್
ಸರ್, ಒಂದು ಸಂದೇಹ. ಇದೇ ಅಂಕಿಗಳನ್ನು ಕಲ್ಲುರಾಶಿಯ ಬಲದ ಸೂತ್ರವಾದ ಹೋಕ್–ಬ್ರೌನ್‌ಗೆ ಹಾಕಿ ಸಾಫ್ಟ್‌ವೇರಿನಲ್ಲಿ ದುಂಡು ಜಾರು (ಬಿಲ್ಲಿನಂತೆ ಬಾಗಿದ ತಳದ ಮೇಲೆ ಜಾರುವುದು) ನೋಡಿದರೆ ಸುರಕ್ಷತಾ ಗುಣಾಂಕ (ತಡೆಯುವ ಬಲ ಭಾಗಿಸು ಜಾರಿಸುವ ಬಲ) 1.5ಕ್ಕಿಂತ ಮೇಲೆಯೇ ಬರುತ್ತದೆ. ಹಾಗಿದ್ದರೆ ಯಾವುದನ್ನು ನಂಬಬೇಕು?

ನವನಗರ ಡಿಸೈನ್
ಹೋಕ್–ಬ್ರೌನ್ ಅಂದುಕೊಳ್ಳುವುದು ಕಲ್ಲು ಎಲ್ಲ ದಿಕ್ಕಿಗೂ ಒಂದೇ ಥರ ಒಡೆದಿದೆ ಎಂದು. ಇಲ್ಲಿ 12 ಮೀಟರಿನ ಮುಖವನ್ನು ಆಳುತ್ತಿರುವುದು ಒಂದೇ ಸೀಳು ಗುಂಪು. ಸಾಫ್ಟ್‌ವೇರಿಗೆ ಆ ಸೀಳನ್ನು ನೀವು ಹೇಳಿಲ್ಲ, ಅದು ಹುಡುಕಿಲ್ಲ.

ಇನ್ನು ಅದರೊಳಗಿನ ಡಿ ಅಂಕಿ (ಸ್ಫೋಟದಿಂದ ಕಲ್ಲು ಸಡಿಲಾದ ಪ್ರಮಾಣ, ಸೊನ್ನೆಯಿಂದ ಒಂದು) ನೋಡಿ. ಜಿಎಸ್‌ಐ (ಕಲ್ಲುರಾಶಿಯ ಗುಣದ ಅಂಕ) 35, ಎಂಐ (ಒಡೆಯದ ಕಲ್ಲಿನ ಸ್ಥಿರಾಂಕ) 12 ಇಟ್ಟರೆ, ಡಿ ಸೊನ್ನೆಗೆ ಎಂಬಿ (ಒಡೆದ ಕಲ್ಲುರಾಶಿಯ ಸ್ಥಿರಾಂಕ) 1.18, ಡಿ ಒಂದಕ್ಕೆ 0.12. ಹತ್ತು ಪಟ್ಟು ವ್ಯತ್ಯಾಸ, ಬರೀ ಸ್ಫೋಟದ ಗುಣಮಟ್ಟದ ಊಹೆಯಿಂದ. ಹಾಗಂತ ಇಡೀ ಗುಡ್ಡಕ್ಕೆ ಡಿ ಒಂದು ಹಾಕುವುದೂ ತಪ್ಪು, ಅದು ಮುಖದ ಹಿಂದಿನ ಕೆಲವು ಮೀಟರಿಗೆ ಮಾತ್ರ.

ಸಮತಲ ಜಾರಿನ (40 ಡಿಗ್ರಿ ಸೀಳಿನ ಮೇಲೆ ಇಡೀ ತುಂಡು ಜಾರುವ) ಲೆಕ್ಕ ಕೈಯಲ್ಲೇ ಆಗುತ್ತದೆ. ಒಂದು ಮೀಟರ್ ಅಗಲಕ್ಕೆ, ಕಲ್ಲಿನ ತೂಕ ಘನಮೀಟರಿಗೆ 26 ಕಿಲೋನ್ಯೂಟನ್. ಜಾರುವ ತುಂಡಿನ ತೂಕ 1295 ಕಿಲೋನ್ಯೂಟನ್. ಜಾರುತಳದ ಉದ್ದ 18.7 ಮೀ. ಕೆಳಗೆಳೆಯುವ ಬಲ 832, ತಳಕ್ಕೆ ಒತ್ತುವ ಬಲ 992. ಘರ್ಷಣ ಕೋನ 30, ಅಂಟು (ಒತ್ತುವ ಬಲವಿಲ್ಲದೆಯೂ ಸೀಳಿನ ಎರಡು ಮೈಗಳು ಹಿಡಿದಿರುವ ಬಲ) 20 ಕೆಪಿಎ (ಕಿಲೋಪ್ಯಾಸ್ಕಲ್) ಹಿಡಿದರೆ ಸುರಕ್ಷತಾ ಗುಣಾಂಕ:

ಒಣಗಿದ್ದಾಗ 1.14.
ಸೀಳಿನೊಳಗೆ 6 ಮೀಟರ್ ನೀರು ನಿಂತಾಗ 1.04.
ಮೇಲಂಚಿನವರೆಗೂ ತುಂಬಿದಾಗ 0.76.

ಬೇಸಿಗೆಯಲ್ಲಿ ಕಡಿದಾಗ ನಿಂತದ್ದು ಮಳೆಗೆ ಬೀಳುವುದು ಹೀಗೆ. ಗದಗ ಕಡೆ ಜೋರು ಮಳೆ ಹುಬ್ಬಿ–ಉತ್ತರಿಗೆ. ಮೃಗಶಿರಾ, ಆರಿದ್ರಾ ದಾಟಿತು ಅಂತ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಮಾಳಮಡ್ಡಿ
ಲೆಕ್ಕ ಸರಿ ಇದೆ, ಆದರೆ ಆ 20 ಕೆಪಿಎ ಅಂಟಿಗೆ ನನ್ನ ಒಪ್ಪಿಗೆ ಇಲ್ಲ. ಉಗುರಿಗೆ ಬರುವ ಲೇಪದ ಮೇಲೆ ಅಂಟು ಎಲ್ಲಿಂದ ಬಂತು?

ಸೀಳಿನ ಮೈಯ ಬಲಕ್ಕೆ ಇರುವ ಬಾರ್ಟನ್–ಬ್ಯಾಂಡಿಸ್ ಸೂತ್ರ ಹಾಕಿ ನೋಡಿ. ತಳದ ಮೇಲಿನ ಸರಾಸರಿ ಒತ್ತಡ 992 ಭಾಗಿಸು 18.7, ಸುಮಾರು 53 ಕೆಪಿಎ. ಒರಟುತನದ ಅಂಕಿ 4, ಸೀಳಿನ ಗೋಡೆಯ ಬಲ 20 ಎಂಪಿಎ. 20000ವನ್ನು 53ರಿಂದ ಭಾಗಿಸಿ ಲಾಗ್ ತೆಗೆದರೆ 2.58, ಅದರ ನಾಲ್ಕು ಪಟ್ಟು 10 ಡಿಗ್ರಿ. ಉಳಿಕೆ ಕೋನ (ಒರಟು ಸವೆದ ಮೇಲೂ ಉಳಿಯುವ ಘರ್ಷಣ ಕೋನ) 20ರಿಂದ 22 ಕೂಡಿಸಿ, 30ರಿಂದ 32. ಅಂದರೆ ನಿಮ್ಮ 30 ಡಿಗ್ರಿಯಲ್ಲಿ ಒರಟುತನ ಆಗಲೇ ಸೇರಿಹೋಗಿದೆ. ಅದರ ಮೇಲೆ 20 ಕೆಪಿಎ ಅಂಟನ್ನೂ ಹಾಕಿದರೆ ಒಂದೇ ಬಲವನ್ನು ಎರಡು ಸಲ ಎಣಿಸಿದಂತೆ.

ಅಂಟು ಸೊನ್ನೆ ಮಾಡಿದರೆ ಗುಣಾಂಕ ಟ್ಯಾನ್ 30 ಭಾಗಿಸು ಟ್ಯಾನ್ 40, ಅಂದರೆ 0.69. ಇದರಲ್ಲಿ ಎತ್ತರವೂ ಇಲ್ಲ, ಮುಖದ ಕೋನವೂ ಇಲ್ಲ. 63ರ ಬದಲು 45 ಡಿಗ್ರಿಗೆ ಕಡಿದರೂ ಅದೇ 0.69. ಪೂರ್ವದ ಬಾಯಿಯಲ್ಲಿ ಇಳಿಜಾರು ಸಡಿಲಿಸಿದರೆ ಸಾಕು ಅನ್ನುವವರು ಇದನ್ನು ಗಮನಿಸಬೇಕು. 40ಕ್ಕಿಂತ ಕೆಳಗೆ ಇಳಿಸಿದರೆ ಮಾತ್ರ ಸೀಳು ಹೊರಗೆ ಬಾಯಿ ತೆರೆಯುವುದು ನಿಲ್ಲುತ್ತದೆ.

ಕೋರ್ ಪೆಟ್ಟಿಗೆ
ಅಂಟು ಸೊನ್ನೆ ಅಂದರೆ ಗುಡ್ಡ ಈಗಾಗಲೇ ಬಿದ್ದಿರಬೇಕಿತ್ತಲ್ಲ ಸರ್? ಇಂಥ ಸೀಳುಗಳು 18 ಮೀಟರ್ ಉದ್ದಕ್ಕೂ ಒಂದೇ ಆಗಿರುವುದು ಕಡಿಮೆ. ಎರಡು ಮೂರು ಮೀಟರಿಗೆ ಮುಗಿದು, ನಡುವೆ ಗಟ್ಟಿ ಕಲ್ಲಿನ ಸೇತುವೆ ಇದ್ದು, ಮತ್ತೆ ಶುರುವಾಗುತ್ತವೆ. ಆ ಸೇತುವೆಗಳೇ ನಿಮಗೆ ಅಂಟಾಗಿ ಕಾಣುವುದು.

ಮಾಳಮಡ್ಡಿ
ಒಪ್ಪಿದೆ. ಆದರೆ ಆ ಸೇತುವೆಗಳನ್ನು ಮೊದಲು ಮುರಿಯುವುದು ನಮ್ಮದೇ ಮದ್ದು. ಸೀಳಿನ ಉದ್ದ ಅಳೆದು ಬರೆಯದೇ ಇದ್ದರೆ ಸೊನ್ನೆ ಹಿಡಿಯಿರಿ. ಅಳೆದಿದ್ದರೆ 10 ತನಕ ಹೋಗಬಹುದು. 20 ಬೇಡ.

ನವನಗರ ಡಿಸೈನ್
ಸರಿ, 10 ಹಿಡಿಯುತ್ತೇನೆ. ಒಣಗಿದ್ದಾಗಲೇ 0.91ಕ್ಕೆ ಇಳಿಯಿತು. 6 ಮೀಟರ್ ನೀರಿನೊಂದಿಗೆ ಗುಣಾಂಕ 1.5 ಬೇಕೆಂದರೆ ಅಡ್ಡಲಾಗಿ ಹಾಕಿದ ಬೋಲ್ಟುಗಳು ಮೀಟರ್ ಅಗಲಕ್ಕೆ ಸುಮಾರು 375 ಕಿಲೋನ್ಯೂಟನ್ ಎಳೆಯಬೇಕು. ಬೋಲ್ಟಿಗೆ 100 ಅಂತ ಹಿಡಿದರೆ ಮೀಟರಿಗೆ ನಾಲ್ಕು, ಅಂದರೆ ಎತ್ತರದಲ್ಲೂ ಅಗಲದಲ್ಲೂ ಸುಮಾರು 1.8 ಮೀಟರಿಗೊಂದು.

25 ಮಿ.ಮೀ ಎಫ್‌ಇ 500 ದರ್ಜೆಯ ಉಕ್ಕಿನ ಸರಳು ತಾನಾಗಿ 245 ಕಿಲೋನ್ಯೂಟನ್ ತನಕ ತಡೆಯುತ್ತದೆ. ಸೋಲುವುದು ಸರಳಲ್ಲ, ಗ್ರೌಟಿಗೂ (ತೂತಿಗೆ ತುಂಬುವ ಸಿಮೆಂಟ್ ಗಾರೆ) ಶಿಸ್ಟಿಗೂ ನಡುವಿನ ಹಿಡಿತ. 76 ಮಿ.ಮೀ ತೂತು, ಜಾರುತಳದಾಚೆ 3 ಮೀಟರ್, ಹಿಡಿತ 150 ಕೆಪಿಎ ಅಂದರೆ 107. ಆ 150ನ್ನು ಎಳೆತ ಪರೀಕ್ಷೆ ಮಾಡಿ ನಿಮ್ಮ ಕಲ್ಲಿನಲ್ಲೇ ಖಾತ್ರಿ ಮಾಡಿಕೊಳ್ಳಿ.

ಈಗ ಉದ್ದ. ಮುಖದಿಂದ ಜಾರುತಳಕ್ಕೆ ಅಡ್ಡ ದೂರ, ಬುಡದಿಂದ ಎತ್ತರದ 0.69 ಪಟ್ಟು. 4 ಮೀಟರ್ ಎತ್ತರದಲ್ಲಿ 2.8 ಮೀ, 8ರಲ್ಲಿ 5.5, ಮೇಲಂಚಿನಲ್ಲಿ 8.3. ವರದಿಯ 4 ಮೀಟರ್ ಬೋಲ್ಟ್ ಬುಡದಿಂದ ಸುಮಾರು 6 ಮೀಟರ್ ಮೇಲಕ್ಕೆ ಹೋದ ಮೇಲೆ ಜಾರುತಳವನ್ನು ಮುಟ್ಟುವುದೇ ಇಲ್ಲ. ಜಾರುವ ತುಂಡನ್ನು ಅದಕ್ಕೇ ಹೊಲಿದ ಹಾಗೆ. ಮೇಲಿನ ಸಾಲಿಗೆ 11 ಮೀಟರ್ ಬೇಕು. ಸರಳು 12 ಮೀಟರ್ ಉದ್ದದ್ದೇ ಬರುತ್ತದೆ, ಜೋಡಿಸುವ ಕೆಲಸವಿಲ್ಲ.

ಹಾರಿ-ಸುತ್ತಿಗಿ
11 ಮೀಟರ್ ತೂತು ಜ್ಯಾಕ್‌ಹ್ಯಾಮರಿಗೆ ಆಗೂದಿಲ್ರಿ, ಪದರು ಸಿಕ್ಕಲ್ಲೆ ಸರಳು ಓರಿ ಹೋಗತೈತಿ. ವ್ಯಾಗನ್ ಡ್ರಿಲ್ (ಗಾಲಿ ಮ್ಯಾಲಿನ ದೊಡ್ಡ ಕೊರೆಯೂ ಯಂತ್ರ) ತರಸ್ರಿ. ತೂತು 10 ಡಿಗ್ರಿ ಕೆಳಮುಖ ಇರಲಿ, ಗ್ರೌಟ್ ನಳಿಗಿ ತಳಕ್ಕ ಮುಟ್ಟಿಸಿ ಒಳಗಿಂದ ಹೊರಗ ತುಂಬ್ರಿ. ಬಾಯಾಗ ಸಿಮೆಂಟ್ ಮೆತ್ತಿ ‘ಆತು’ ಅನ್ನಾವ್ರು ಭಾಳ ಮಂದಿ.

ಕಡಿಯೂದು ಮ್ಯಾಲಿಂದ ಕೆಳಗ, 3 ಮೀಟರಿನ ಒಂದೊಂದು ಮೆಟ್ಟಲಾ. ಒಂದು ಮೆಟ್ಟಲದ ಬೋಲ್ಟ್, ಜಾಳಗಿ, 50 ಮಿ.ಮೀ ಶಾಟ್‌ಕ್ರೀಟ್ ಮುಗದು ಗ್ರೌಟ್ ಗಟ್ಟಿ ಆಗೂತನಕ ಕೆಳಗಿನ ಮೆಟ್ಟಲಾ ಮುಟ್ಟಬ್ಯಾಡ್ರಿ. ಪೂರಾ 12 ಮೀಟರ್ ಇಳಿಸಿ ಆಮ್ಯಾಲೆ ಪರಾಂಚಿ ಕಟ್ಟಿ ಬೋಲ್ಟ್ ಹಾಕತೀವಿ ಅಂದ್ರ ಅಷ್ಟರಾಗ ಬುಡ ಕಳಚಿರತೈತಿ. ಅಂಚಿನ ಸಾಲಿಗೆ ಪ್ರಿಸ್ಪ್ಲಿಟ್ (ಅಂಚಿನ ತೂತಿನ ಸಾಲು ಮೊದಲ ಸಿಡಿಸಿ ಸೀಳೂದು) ಮಾಡ್ರಿ, ತೂತಿನ ದಪ್ಪದ 10–12 ಪಟ್ಟು ಅಂತರ. 76 ಮಿ.ಮೀ.ಗೆ ಮುಕ್ಕಾಲು ಮೀಟರಿನಿಂದ 90 ಸೆಂ.ಮೀ. ಕೊಳತ ಮ್ಯಾಲಿನ ಭಾಗಕ್ಕ ಮದ್ದ ಬ್ಯಾಡ, ಬ್ರೇಕರ್ ಸಾಕು.

ನೀರಿನ ತೂತು ಮರೀಬ್ಯಾಡ್ರಿ. ಶಾಟ್‌ಕ್ರೀಟಿನ್ಯಾಗ ಒಂದ ಗೇಣಿನ ಪೈಪ್ ಸಿಗಸಿದ್ರ ಅದು ವೀಪ್‌ಹೋಲ್ ಅಲ್ಲ, ಅಲಂಕಾರ. ಜಾರುತಳಾ ದಾಟಬೇಕು. ನಡು ಎತ್ತರದಾಗ 6 ಮೀಟರ್, 5 ಡಿಗ್ರಿ ಮ್ಯಾಲ್ಮುಖ, ತೂತಿರೋ ಪಿವಿಸಿ ಪೈಪಿಗೆ ಬಟ್ಟಿ ಸುತ್ತಿ.

ಬೆಟಗೇರಿ ಸೈಟ್
ತುಂಬಾ ಉಪಕಾರ. ಪಶ್ಚಿಮದ ಬಾಯಿಗೂ ಇದೇ ಅನ್ವಯವೇ? ಅಲ್ಲಿ 40 ಡಿಗ್ರಿ ಸೀಳು ಕಂಡಿಲ್ಲ.

ಕೋರ್ ಪೆಟ್ಟಿಗೆ
ಅಲ್ಲಿ ರೋಗ ಬೇರೆ. ಮುಖ ಪಶ್ಚಿಮಕ್ಕೆ, ಪದರು ಗುಡ್ಡದೊಳಕ್ಕೆ 70 ಡಿಗ್ರಿ. ಕಪಾಟಿನಲ್ಲಿ ಆಸರೆ ತೆಗೆದ ಪುಸ್ತಕಗಳ ಹಾಗೆ ಪದರುಗಳು ಮುಂದಕ್ಕೆ ಮಗಚುತ್ತವೆ. ಪರೀಕ್ಷೆ ಸುಲಭ: 90ರಿಂದ ಪದರಿನ ವಾಲು ಕಳೆಯಿರಿ, 20. ಮುಖದ ಕೋನದಿಂದ ಘರ್ಷಣ ಕೋನ ಕಳೆಯಿರಿ, 33. ಮೊದಲನೆಯದು ಕಡಿಮೆ ಇದ್ದರೆ ಮಗಚಲು ದಾರಿ ಇದೆ. ಅದೇ ಮುಖವನ್ನು 45 ಡಿಗ್ರಿಗೆ ಇಳಿಸಿದರೆ ಎರಡನೆಯದು 15, ದಾರಿ ಮುಚ್ಚಿತು. ಹಾಗಾಗಿ ಪೂರ್ವದಲ್ಲಿ ಕೆಲಸಕ್ಕೆ ಬಾರದ ಇಳಿಜಾರು ಸಡಿಲಿಕೆ ಪಶ್ಚಿಮದಲ್ಲಿ ಪೂರಾ ಕೆಲಸ ಮಾಡುತ್ತದೆ. ಎಸ್‌ಎಂಆರ್‌ನಲ್ಲೂ ಹಾಗೇ: 63ಕ್ಕೆ ಋಣ 25, 45ಕ್ಕೆ ಋಣ 6.

ಜಮೀನು ಸಿಗದೆ 63 ಡಿಗ್ರಿಯೇ ಉಳಿದರೆ ಬೋಲ್ಟ್ ಪದರಿಗೆ ಅಡ್ಡಲಾಗಿ ಹೋಗಿ ಹಲವು ಪದರುಗಳನ್ನು ಒಂದು ಕಟ್ಟು ಮಾಡಬೇಕು. ಅಲ್ಲಿ 4 ಮೀಟರಿಗೆ ಅರ್ಥವಿದೆ.

ರಾಣೆಬೆನ್ನೂರ ಗ್ರೇವ್ಯಾಕ್
ಬೋರ್ ಕಡಿಮೆ ಮಾಡಿ ಭೂಕಂಪನ ವಕ್ರೀಭವನ ಸರ್ವೆ (ನೆಲಕ್ಕೆ ಬಡಿದು ಅಲೆಗಳ ವೇಗದಿಂದ ಒಳಗಿನ ಪದರುಗಳನ್ನು ಗುರುತಿಸುವುದು) ಮಾಡಿಸಿದರೆ?

ಮಾಳಮಡ್ಡಿ
ಮಾಡಿಸಿ, ಆದರೆ ಆಳ ಹೋದಂತೆ ವೇಗ ಏರುತ್ತದೆ ಎಂಬ ನಂಬಿಕೆಯ ಮೇಲೆ ಆ ವಿಧಾನ ನಿಂತಿದೆ. ಧಾರವಾಡದ ಗುಡ್ಡಗಳಂತೆ ಮೇಲೆ ಮುರಕಲ್ಲಿನ ಗಟ್ಟಿ ಟೊಪ್ಪಿಗೆ, ಅದರ ಕೆಳಗೆ ಬಿಳಿ-ಕೇಸರಿ ಮೆತ್ತನೆ ಜೇಡಿ ಇದ್ದರೆ ಆ ಜೇಡಿ ನಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಗಟ್ಟಿ ಕಲ್ಲಿನ ಆಳವೂ ತಪ್ಪಾಗಿ ಬರುತ್ತದೆ. ಅಂಥಲ್ಲಿ ಬೋರ್ ಬೇಕೇ ಬೇಕು.

ಇನ್ನೊಂದು ಮಾತು ಗದಗಿಗೆ ಮಾತ್ರ. ಹೊಸೂರು, ಕಬುಲಾಯತಕಟ್ಟಿ ಕಡೆ ನೂರು ವರ್ಷಕ್ಕೂ ಹಿಂದಿನ ಚಿನ್ನದ ಗಣಿ ಕೆಲಸಗಳಿವೆ. ನಿಮ್ಮ ಸುರಂಗದ ಗೆರೆ ಆ ಪಟ್ಟಿಯ ಹತ್ತಿರ ಇದ್ದರೆ ಕೊರೆಯುವ ಮುಖದಿಂದ ಮುಂದಕ್ಕೆ ಶೋಧನಾ ತೂತು ಹಾಕುತ್ತಲೇ ಸಾಗಿ. ಹಳೆಯ ಪೊಳ್ಳಿನಲ್ಲಿ ನೀರು ತುಂಬಿರುತ್ತದೆ.

ಬೆಟಗೇರಿ ಸೈಟ್
ಈಗ ನಕ್ಷೆ ತೆಗೆದು ನೋಡಿದೆ. ಮೇಲಂಚಿನ ಮಳೆನೀರು ಗಟಾರ ಅಂಚಿನಿಂದ 3 ಮೀಟರ್ ಹಿಂದಿದೆ.

ನವನಗರ ಡಿಸೈನ್
ಜಾರುತಳ ಮೇಲೆ ಬಂದು ಸೇರುವುದು ಅಂಚಿನಿಂದ 8.3 ಮೀಟರ್ ಹಿಂದೆ. ಗಟಾರ ಜಾರುವ ತುಂಡಿನ ಮೇಲೆಯೇ ಕೂತಿದೆ. ಅದು ಬಿರಿದ ದಿನ ಗುಡ್ಡದ ನೀರೆಲ್ಲ ಸೀಳಿನೊಳಗೆ. 12 ಮೀಟರಿಗೆ ಹಿಂದಕ್ಕೆ ಸರಿಸಿ, ತಳಕ್ಕೆ ಕಾಂಕ್ರೀಟ್ ಹಾಕಿಸಿ.

ಹಾರಿ-ಸುತ್ತಿಗಿ
ಆ 3ಕ್ಕೂ 12ಕ್ಕೂ ನಡುವ ಒಡದ ಕಲ್ಲು, ಮಣ್ಣು ಒಟ್ಟಬ್ಯಾಡ್ರಿ, ಟಿಪ್ಪರ್ ನಿಲ್ಲಸಬ್ಯಾಡ್ರಿ. ಈಗಿಂದ ಜೋಡಿ ಗೂಟಾ ಬಡೀರಿ, 8 ಮೀಟರಿನ ಆಚೆ ಒಂದು, ಈಚೆ ಒಂದು, 5 ಮೀಟರಿಗೊಂದು ಜೋಡಿ. ದಿನಾ ಮುಂಜಾನಿ ಒಂದ ಹೊತ್ತಿಗೆ ಟೇಪ್ ಹಿಡದು ಬರೀರಿ, ಮಳಿ ಬಂದ ದಿನ ಎರಡು ಸಲ. ಮೊದಲನೇ ಅಳತಿ ಕಡಿಯಾಕ ಶುರು ಮಾಡೂಕಿಂತ ಮೊದಲ ಇರಬೇಕು.

ಬೆಟಗೇರಿ ಸೈಟ್
ಗೂಟ ನಾಳೆಯೇ. ಓರೆ ಬೋರಿನ ಕೋರ್ ಬಂದ ಮೇಲೆ ಆರ್‌ಕ್ಯೂಡಿ, ಸೀಳಿನ ಉದ್ದ ಎರಡನ್ನೂ ಇಲ್ಲೇ ಹಾಕುತ್ತೇನೆ.